ಪೊನ್ಕುಳಿಯ ಮಳೆಯಲ್ಲಿ ನೆನಪಾದ ಅಜ್ಜನ ಓಡ

ಕಳೆದ ಆಟಿ ತಿಂಗಳಲ್ಲಿ ನಾನು ಮತ್ತು ಉಪ್ಪ ಮೈಸೂರಿನಿಂದ ಸುಲ್ತಾನ್ ಬತ್ತೇರಿಗೆ ಹೊರಟಿದ್ದೆವು. ತಂಗಿಯನ್ನು ಅಲ್ಲಿಗೆ ಮದುವೆ ಮಾಡಿ ಕೊಟ್ಟಿದ್ದೇವೆ. ಮೂಲೆಹೊಳೆ ಚೆಕ್‌ಪೋಸ್ಟ್ ದಾಟಿ ವಯನಾಡಿನ ಪೊನ್ಕುಳಿಗೆ ಬರುವಷ್ಟರಲ್ಲಿ ಕತ್ತಲಾಗಿತ್ತು, ರಸ್ತೆಯ ಮೇಲೆ ಹೊಳೆಯ ನೀರು ಹರಿಯುತ್ತಿತ್ತು. ಮುಂದೆ ಹೋಗುವಂತಿಲ್ಲ. ಬಂಡೀಪುರ ಕಾಡಿನಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ವಾಹನ ಬಿಡುವುದಿಲ್ಲ, ಹಾಗಾಗಿ ಹಿಂದೆ ಹೋಗುವಂತೆಯೂ ಇಲ್ಲ. ರಾಮ ದೇವಸ್ಥಾನದ ಹತ್ತಿರ ಕಾರು ನಿಲ್ಲಿಸಿ ಕೂತೆವು.

ಅಲ್ಲಿನ ಕಾಟ್ಟುನಾಯ್ಕರ ಹಿರಿಯರೊಬ್ಬರು ಬಂದು ಒಂದು ಮರದ ಬುಡ ತೋರಿಸಿದರು. ಅವರ ಮಾತು ಕನ್ನಡಕ್ಕೆ ಹತ್ತಿರ, ನಮಗೆ ಅರ್ಥವಾಯಿತು. ಆ ಬೇರು ಕಾಣಿಸಿದ ಮೇಲೆ ಹೊರಡಿ, ಅಲ್ಲಿಯವರೆಗೆ ಬೇಡ ಎಂದರು. ಉಪ್ಪ ಬಹಳ ಹೊತ್ತು ಆ ಮರವನ್ನೇ ನೋಡುತ್ತಿದ್ದರು. ಆಮೇಲೆ, "ನಿನ್ನ ಅಜ್ಜನೂ ನೀರನ್ನು ಹೀಗೇ ಅಳೆಯುತ್ತಿದ್ದರು. ಓಡದಲ್ಲಿ ನಾನು ಹೀಗೇ ಮಳೆಯ ಸದ್ದು ಕೇಳುತ್ತಾ ಮಲಗಿದ್ದೆ" ಎಂದರು.

ಅಜ್ಜ ಓಡದಲ್ಲಿ ದುಡಿದವರು ಎಂದು ಗೊತ್ತಿತ್ತು. ಉಪ್ಪನೂ ಅದರಲ್ಲಿ ಮಲಗಿದ್ದರು ಎಂದು ನನ್ನ ಮೂವತ್ತನಾಲ್ಕು ವರ್ಷದಲ್ಲಿ ಕೇಳಿದ್ದು ಅದೇ ಮೊದಲು.

ಪೊನ್ಕುಳಿಯ ನೀರು ಪೂರ್ವಕ್ಕೆ ಹರಿದು ಕಬಿನಿ ಸೇರುತ್ತದೆ, ಅಲ್ಲಿಂದ ಕಾವೇರಿ. ನಮ್ಮ ನೇತ್ರಾವತಿ ಪಶ್ಚಿಮಕ್ಕೆ ಹರಿದು ಮಂಗಳೂರಿನಲ್ಲಿ ಕಡಲು ಸೇರುತ್ತದೆ. ಹಾಗಾಗಿ ಕಡಲಿನ ಉಬ್ಬರ ಹೊಳೆಯೊಳಗೂ ಏರಿ ಬರುತ್ತದೆ. ಬಂದರ್‌ನ ದಕ್ಕೆಯಲ್ಲಿ ಉಪ್ಪು, ಒಣಮೀನು, ಅಕ್ಕಿ, ಹಂಚು ತುಂಬಿದ ಓಡಗಳು ಉಬ್ಬರದ ಜೊತೆ ಹೊರಡುತ್ತಿದ್ದವು. ಅಡ್ಯಾರ್, ಹರೇಕಳ, ಫರಂಗಿಪೇಟೆ, ತುಂಬೆ, ಸಜಿಪ, ಪಾಣೆಮಂಗಳೂರು ದಾಟಿ ಬಂಟ್ವಾಳ. ಘಟ್ಟದ ಮೇಲಿನ ಕಾಫಿ, ಸಾಂಬಾರ ಪದಾರ್ಥ ಎತ್ತಿನ ಗಾಡಿಯಲ್ಲಿ ಬಂಟ್ವಾಳಕ್ಕೆ ಇಳಿದು, ಅಲ್ಲಿಂದ ಹೊಳೆಯಲ್ಲಿ ಮಂಗಳೂರಿಗೆ ಹೋಗುತ್ತಿದ್ದ ಕಾಲವೊಂದಿತ್ತು. ಬಂಟ್ವಾಳ ಪೇಟೆ ಬೆಳೆದದ್ದೇ ಹಾಗೆ. 1865ರಲ್ಲಿ ಬಾಸೆಲ್ ಮಿಶನ್‌ನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದೂ ಹೊಳೆಯ ಬದಿಯಲ್ಲೇ. ಮಣ್ಣು ಬರುವುದಕ್ಕೂ ಹಂಚು ಹೋಗುವುದಕ್ಕೂ ನೀರಿನ ದಾರಿ ಬೇಕಿತ್ತು.

ಬ್ಯಾರಿ ಎಂಬ ಹೆಸರು 'ಬ್ಯಾರ', ಅಂದರೆ ವ್ಯಾಪಾರದಿಂದ ಬಂತು ಎನ್ನುವವರಿದ್ದಾರೆ. ಕಡಲು ಎಂಬ ಅರ್ಥದ ಅರಬಿಯ 'ಬಹರ್'ನಿಂದ ಬಂತು ಎನ್ನುವವರೂ ಇದ್ದಾರೆ. ಅಜ್ಜನ ಓಡದಲ್ಲಿ ಎರಡೂ ಇದ್ದವು.

ಉಪ್ಪ ಹೇಳಿದ ಪ್ರಕಾರ, ಬೇಸಿಗೆಯಲ್ಲಿ ಒಂದು ಉಬ್ಬರಕ್ಕೆ ಅರ್ಧ ದಾರಿ ಮುಗಿಯುತ್ತಿತ್ತು. ಮಳೆಗಾಲದಲ್ಲಿ ಮೇಲಿನಿಂದ ಕೆಂಪು ನೀರು ನುಗ್ಗಿ ಬರುವಾಗ ಉಬ್ಬರದ ಬಲ ಸಾಲದು. ಆಗ ನಾಲ್ಕು ಜನ ಬಿದಿರಿನ ಗಳು ಊರಿ ದಡದ ಬದಿಯಲ್ಲೇ ಓಡವನ್ನು ತಳ್ಳಬೇಕು. ಎರಡು ಮೂರು ದಿನ ಓಡವೇ ಮನೆ. ಹೆಣೆದ ಮಡಲಿನ ಮಾಡಿನ ಕೆಳಗೆ ಗಂಜಿ, ಒಣಮೀನು, ನಮಾಝ್, ನಿದ್ದೆ. ಹೊರಗೆ ನಿಲ್ಲುವವನ ತಲೆಗೆ ಗೊರಬು. ಹೊಳೆ ತಿರುಗುವಲ್ಲಿ ಒಳಬದಿಯ ದಡಕ್ಕೆ ಅಂಟಿಕೊಂಡು ಹೋಗಬೇಕು, ಅಲ್ಲಿ ಸೆಳೆತ ಕಡಿಮೆ ಎಂದು ಅಜ್ಜ ಕಲಿಸಿದ್ದರಂತೆ. ಇದನ್ನೇ ನಾನು ಡಿಪ್ಲೊಮಾದಲ್ಲಿ ಲೆಕ್ಕ ಹಾಕಿ ಕಲಿತೆ. ಅಜ್ಜನಿಗೆ ಸಹಿ ಹಾಕಲು ಬರುತ್ತಿರಲಿಲ್ಲ.

"ರಾತ್ರಿ ಊರಿನವರ ಮನೆಯಲ್ಲಿ ಮಲಗಿಸುತ್ತಿದ್ದರಾ?" ಎಂದು ಕೇಳಿದೆ.

"ಜಗಲಿಯ ತನಕ," ಎಂದರು ಉಪ್ಪ. "ಕೆಲವು ಮನೆಯಲ್ಲಿ ನೀರನ್ನು ಮೇಲಿನಿಂದ ಕೈಗೆ ಹೊಯ್ಯುತ್ತಿದ್ದರು. ಆದರೆ ಮಳೆಯಲ್ಲಿ ನೆನೆದು ಬಂದವನನ್ನು ಯಾರೂ ಅಂಗಳದಿಂದ ಅಟ್ಟಲಿಲ್ಲ."

ಈ ಮಾತು ಕೇಳಿದಾಗ ನನಗೆ ಇಬ್ನ್ ಬತೂತ ನೆನಪಾದರು. 1342ರ ಸುಮಾರಿಗೆ ಮಂಗಳೂರಿಗೆ ಬಂದಿದ್ದ ಅವರು ಇಲ್ಲಿ ನಾಲ್ಕು ಸಾವಿರ ಮುಸಲ್ಮಾನರಿದ್ದಾರೆ ಎಂದು ಹೇಳಿದ್ದಾರೆ. ಮುಂದೆ ಕಲ್ಲಿಕೋಟೆಯಿಂದ ಕೊಲ್ಲಂಗೆ ಹತ್ತು ದಿನದ ದಾರಿಯನ್ನು ದೋಣಿಯಲ್ಲೇ ಹೋದರು. ಸಂಜೆ ದೋಣಿ ಬಿಟ್ಟು ದಡದ ಹಳ್ಳಿಯಲ್ಲಿ ತಂಗುವುದು, ಬೆಳಿಗ್ಗೆ ಮತ್ತೆ ದೋಣಿ ಹತ್ತುವುದು ಅಲ್ಲಿನ ಕ್ರಮವಾಗಿತ್ತು. ಮಲಬಾರಿನಲ್ಲಿ ಮುಸಲ್ಮಾನ ಪ್ರಯಾಣಿಕನಿಗೆ ನೀರನ್ನು ಪಾತ್ರೆಯಲ್ಲಿ ಕೊಡದೆ ಕೈಗೆ ಹೊಯ್ಯುತ್ತಿದ್ದುದನ್ನೂ ಅವರು ಬರೆದಿದ್ದಾರೆ. ಆರುನೂರು ವರ್ಷ ಕಳೆದರೂ ಅಜ್ಜನ ಕೈಗೆ ನೀರು ಬಿದ್ದದ್ದು ಹಾಗೆಯೇ. ಹಿಂದೆ ಎಲ್ಲವೂ ಚೆನ್ನಾಗಿತ್ತು ಎಂದು ನಾವು ಹೇಳಿಕೊಳ್ಳುವಾಗ ಇದನ್ನೂ ಹೇಳಬೇಕು. ಈಗ ಎಲ್ಲ ಕೆಟ್ಟಿತು ಎನ್ನುವವರು ಆ ಜಗಲಿಯನ್ನೂ ಮರೆಯಬಾರದು.

ಓಡಗಳು ಒಂದೇ ದಿನ ನಿಂತದ್ದಲ್ಲ. 1907ರಲ್ಲಿ ಮಂಗಳೂರಿಗೆ ರೈಲು ಬಂತು. 1914ರಲ್ಲಿ ಪಾಣೆಮಂಗಳೂರಿನ ಸೇತುವೆಯಾಯಿತು. 1923ರ ಮಾರಿಬೊಳ್ಳ ಹೊಳೆಬದಿಯ ಪೇಟೆಗಳನ್ನು ಮುಳುಗಿಸಿತು. ಆದರೂ ಓಡಗಳು ಉಳಿದವು, ಯಾಕೆಂದರೆ ಒಳಗಿನ ಹಳ್ಳಿಗಳಿಗೆ ದಾರಿ ಇರಲಿಲ್ಲ. ದಾರಿಯಾಗಿ ಲಾರಿ ಬಂದ ಮೇಲೆ ಸಾಮಾನು ಒಂದು ಗಂಟೆಯಲ್ಲಿ ತಲುಪತೊಡಗಿತು. ಮೂರು ದಿನದ ಓಡಕ್ಕೆ ಯಾರು ಕಾಯುತ್ತಾರೆ? ಈಗ ತುಂಬೆಯಲ್ಲಿ ಮಂಗಳೂರಿಗೆ ಕುಡಿಯುವ ನೀರಿನ ಕಿಂಡಿ ಅಣೆಕಟ್ಟಿದೆ. ಓಡ ಇದ್ದರೂ ಅದನ್ನು ದಾಟಿ ಮೇಲೆ ಹೋಗಲಾರದು.

ಅಜ್ಜ ಓಡ ಮಾರಿ ಕಡವಿನ ಬದಿಯಲ್ಲಿ ಜೀನಸಿನ ಅಂಗಡಿ ಹಾಕಿದರು. ಗಿರಾಕಿಗಳೆಲ್ಲ ಹೊಳೆಯಿಂದ ಪರಿಚಯವಾದವರೇ. 1974ರ ನೆರೆಯಲ್ಲಿ ಅಂಗಡಿಗೆ ನೀರು ನುಗ್ಗಿ ಸಾಲದ ಪುಸ್ತಕ ಹೋಯಿತು. ಆಗ ಉಪ್ಪನಿಗೆ ಇಪ್ಪತ್ತು ವರ್ಷ. ಮನೆಮನೆಗೆ ಹೋಗಿ ಕೇಳೋಣ ಎಂದರಂತೆ. ಅಜ್ಜ ಬೇಡ ಎಂದರು. ಕೆಲವರು ತಾವೇ ಬಂದು ಲೆಕ್ಕ ಹೇಳಿ ಕೊಟ್ಟರು, ಕೆಲವರು ಬರಲಿಲ್ಲ. ಬಾರದವರಿಗೂ ಅಜ್ಜ ಮತ್ತೆ ಅಕ್ಕಿ ಕೊಟ್ಟರು. "ನನಗೆ ಆಗ ಸಿಟ್ಟು ಬಂದಿತ್ತು, ಈಗಲೂ ಸ್ವಲ್ಪ ಇದೆ" ಎಂದು ಉಪ್ಪ ಕತ್ತಲಲ್ಲಿ ನಕ್ಕರು.

ಆ ಅಂಗಡಿ ಮುಚ್ಚುವ ಮಾತಾಡಲೆಂದೇ ನಾನು ಉಪ್ಪನನ್ನು ಜೊತೆಗೆ ಕರೆದುಕೊಂಡು ಹೊರಟಿದ್ದೆ. ಹೊಸ ದಾರಿಯಾದ ಮೇಲೆ ಕಡವಿನ ಕಡೆ ಗಿರಾಕಿಗಳು ಬರುವುದಿಲ್ಲ, ತಿಂಗಳ ಕರೆಂಟ್ ಬಿಲ್ಲೂ ಹುಟ್ಟುವುದಿಲ್ಲ. ಆ ರಾತ್ರಿ ನನಗೆ ಮಾತು ಬರಲಿಲ್ಲ. ನಸುಕಿಗೆ ಉಪ್ಪನೇ ಹೇಳಿದರು: "ಮುಚ್ಚುವುದಾದರೆ ಮುಚ್ಚು. ಅಜ್ಜನೂ ಓಡ ಮಾರಿದವರೇ. ಆದರೆ ನಾನು ಹೇಳಿದ್ದನ್ನು ಬರೆದಿಡು."

ಬೆಳಿಗ್ಗೆ ಬೇರು ಕಾಣಿಸಿತು, ಹೊರಟೆವು. ಅಂಗಡಿ ಈ ರಮಳಾನಿನ ತನಕ ಇರುತ್ತದೆ. ಉಪ್ಪನಿಂದ ಕೇಳಿ ಬಂದರ್‌ನಿಂದ ಬಂಟ್ವಾಳದ ತನಕದ ಹದಿನೇಳು ಕಡವುಗಳ ಹೆಸರು ಬರೆದುಕೊಂಡಿದ್ದೇನೆ. ಎರಡು ಅವರಿಗೂ ನೆನಪಿಲ್ಲ. ನಿಮ್ಮ ಮನೆಯಲ್ಲಿ ಓಡದಲ್ಲಿ ದುಡಿದವರ ಮಕ್ಕಳಿದ್ದರೆ, ಈ ಮಳೆಗಾಲದಲ್ಲಿ ಒಂದು ಸಂಜೆ ಅವರ ಹತ್ತಿರ ಕೂತು ಕೇಳಿ.