ಪ್ಲೇಟಿನ ಮೂಲೆಯ ನಂಬರು

ರಾಜಾ ದೀನ್ ದಯಾಳ್ ಅಂಡ್ ಸನ್ಸ್ ಸ್ಟುಡಿಯೋದ ಹಳೆಯ ಪ್ರಿಂಟು ಕೈಗೆ ಸಿಕ್ಕರೆ ಮೊದಲು ಅದರ ಅಂಚು, ಮೂಲೆ ನೋಡಿ. ಹಲವು ಚಿತ್ರಗಳಲ್ಲಿ ಬಿಳಿ ಬರಹದ ಒಂದು ನಂಬರು ಕಾಣುತ್ತದೆ. ಗಾಜಿನ ನೆಗೆಟಿವ್ ಮೇಲೆಯೇ ಶಾಯಿಯಲ್ಲಿ ಉಲ್ಟಾ ಬರೆದದ್ದು ಕಾಗದದ ಮೇಲೆ ನೆಟ್ಟಗೆ, ಬೆಳ್ಳಗೆ ಮೂಡುತ್ತದೆ. ಈ ಸ್ಟುಡಿಯೋ ತೆಗೆದ ಹೈದರಾಬಾದ್ ನಿಜಾಮರ ಫೋಟೋ ಎಂದರೆ ನಮ್ಮ ಕಣ್ಣು ಹೋಗುವುದು ರುಮಾಲಿಗೆ, ಮುತ್ತಿನ ಸರಕ್ಕೆ, ಕಾಲಬುಡದಲ್ಲಿ ಬಿದ್ದ ಹುಲಿಗೆ. ಒಂದು ಮನೆತನದ ಕೆಲಸ ನೂರು ವರ್ಷ ದಾಟಿಯೂ ಗುರುತು ಕಳೆದುಕೊಳ್ಳದೆ ಉಳಿದಿದ್ದರಲ್ಲಿ ಹೆಚ್ಚಿನ ಪಾಲು ಆ ನಂಬರಿನದು ಎಂಬುದು ನನ್ನ ಎಣಿಕೆ. ಸ್ಟುಡಿಯೋ ಇಟ್ಟುಕೊಂಡು ಬದುಕಿದವರ ಸಂಘದ ಸಂಚಿಕೆಯಲ್ಲಿ ಈ ಮಾತಿಗೆ ಜಾಗ ಇರಬೇಕು. ಕಲಬುರಗಿ, ಬೀದರ್, ರಾಯಚೂರು 1948ರವರೆಗೆ ಇದೇ ನಿಜಾಮರ ಆಳ್ವಿಕೆಯಲ್ಲಿದ್ದ ಊರುಗಳು ಎಂಬುದೂ ಒಂದು ಕಾರಣ.

ದೀನ್ ದಯಾಳ್ ಹುಟ್ಟಿದ್ದು 1844ರಲ್ಲಿ, ಮೀರತ್ ಹತ್ತಿರದ ಸರ್ಧನಾದ ಜೈನ ಮನೆತನದಲ್ಲಿ. ರೂರ್ಕಿಯ ಥಾಮಸನ್ ಕಾಲೇಜಿನಲ್ಲಿ ಓದಿ, 1866ರಲ್ಲಿ ಇಂದೂರಿನ ಲೋಕೋಪಯೋಗಿ ಇಲಾಖೆಗೆ ನಕ್ಷೆ ಮತ್ತು ಅಂದಾಜು ಬರೆಯುವ ಕೆಲಸಕ್ಕೆ ಸೇರಿದರು. ಕ್ಯಾಮೆರಾ ಹಿಡಿದದ್ದು ಆಮೇಲೆ. ಮಧ್ಯ ಭಾರತದ ಸ್ಮಾರಕಗಳ ಬಗ್ಗೆ ಲೆಪೆಲ್ ಗ್ರಿಫಿನ್ 1886ರಲ್ಲಿ ತಂದ ಪುಸ್ತಕದ ಚಿತ್ರಗಳು ಇವರವು. ಆ ಹೊತ್ತಿಗಾಗಲೇ ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಆಸ್ಥಾನ ಛಾಯಾಗ್ರಾಹಕರಾಗಿ ಸಿಕಂದರಾಬಾದಿನಲ್ಲಿ ನೆಲೆಯೂರುತ್ತಿದ್ದರು. 1894ರಲ್ಲಿ ರಾಜಾ ಎಂಬ ಬಿರುದು ಬಂತು, 1896ರಲ್ಲಿ ಮುಂಬೈ ಸ್ಟುಡಿಯೋ ತೆರೆಯಿತು. ಮಕ್ಕಳಾದ ಜ್ಞಾನ್ ಚಂದ್, ಧರಮ್ ಚಂದ್ ಇಬ್ಬರೂ ತಂದೆಯ ಕಸುಬಿಗೇ ಬಂದರು.

ಆಸ್ಥಾನದ ಕೆಲಸವೆಂದರೆ ಸಿಂಹಾಸನದ ಮುಂದೆ ನಿಂತು ಒಂದು ಚಿತ್ರ ತೆಗೆದು ಬರುವುದಲ್ಲ. ದರ್ಬಾರು, ಸೈನ್ಯದ ಕವಾಯತು, ವೈಸರಾಯರ ಭೇಟಿ, ಅರಮನೆಯ ಒಳಾಂಗಣ, ಬರಗಾಲದ ಪರಿಹಾರ ಕಾಮಗಾರಿ ಎಲ್ಲವೂ ಅದರಲ್ಲಿ ಸೇರಿತ್ತು. 1902ರಲ್ಲಿ ಲಾರ್ಡ್ ಕರ್ಜನ್ ದಂಪತಿ ಬೇಟೆಯ ಹುಲಿಯೊಂದಿಗೆ ನಿಂತ ಚಿತ್ರವನ್ನು ಎಲ್ಲರೂ ನೋಡಿದ್ದೇವೆ. ನನಗೆ ಅದಕ್ಕಿಂತ ಕುತೂಹಲ ಹುಟ್ಟಿಸುವುದು 1892ರಲ್ಲಿ ಹೈದರಾಬಾದಿನಲ್ಲಿ ತೆರೆದ ಜನಾನಾ ಸ್ಟುಡಿಯೋ. ಪರದೆಯ ಹೆಂಗಸರು ಪರಗಂಡಸಿನ ಮುಂದೆ ಕೂರುವಂತಿರಲಿಲ್ಲ. ಹಾಗಾಗಿ ಸುತ್ತ ಎತ್ತರದ ಗೋಡೆ ಕಟ್ಟಿಸಿ, ಶ್ರೀಮತಿ ಕೆನ್ನಿ ಲೆವಿಕ್ ಎಂಬ ಮಹಿಳೆಯ ಕೈಗೆ ಸ್ಟುಡಿಯೋ ಒಪ್ಪಿಸಿದರು. ಇದು ವ್ಯಾಪಾರದ ಜಾಣತನವೂ ಹೌದು, ಗಿರಾಕಿಯ ಮರ್ಯಾದೆ ಕಾಯುವ ಬುದ್ಧಿಯೂ ಹೌದು.

ಇಷ್ಟೆಲ್ಲ ಕೆಲಸವನ್ನು ಒಬ್ಬರೇ ಮಾಡಲಾಗದು. ಮೂರು ಊರಿನಲ್ಲಿ ಸ್ಟುಡಿಯೋ, ಜೊತೆಗೆ 1903ರ ದೆಹಲಿ ದರ್ಬಾರಿನಂಥ ಜಾತ್ರೆ. ಯಾವ ಚಿತ್ರಕ್ಕೆ ತಂದೆ ನಿಂತಿದ್ದರು, ಯಾವುದಕ್ಕೆ ಮಗ, ಯಾವುದಕ್ಕೆ ಸಂಬಳದ ಸಹಾಯಕ ಎಂದು ಬಿಡಿಸಿ ಹೇಳುವುದು ಬಹಳ ಕಷ್ಟ. ಎಲ್ಲಕ್ಕೂ ಹಿರಿಯರ ಹೆಸರೇ ನಿಂತಿದೆ. ಡಾರ್ಕ್‌ರೂಮಿನ ಕತ್ತಲಲ್ಲಿ ಬೆರಳು ಕಪ್ಪಾಗಿಸಿಕೊಂಡವರ ಹೆಸರು ಬೋರ್ಡಿಗೆ ಬಾರದಿರುವುದು ನಮ್ಮ ಕಸುಬಿನಲ್ಲಿ ಹೊಸದೇನಲ್ಲ.

ಧರಮ್ ಚಂದ್ 1904ರಲ್ಲಿ ತೀರಿಕೊಂಡರು. ಮರುವರ್ಷ ತಂದೆಯೂ ಹೋದರು. ಜ್ಞಾನ್ ಚಂದ್ ವ್ಯವಹಾರ ಮುಂದುವರಿಸಿದರು, ಆಮೇಲೆ ಮೊಮ್ಮಕ್ಕಳ ಕಾಲ. ಗಾಜಿನ ಪ್ಲೇಟುಗಳಿಗೆ ನಿಜವಾದ ಗಂಡಾಂತರ ಬರುವುದು ಇಂಥ ಕಾಲದಲ್ಲಿ. ದೊರೆಯ ಆರ್ಡರು ನಿಂತಿರುತ್ತದೆ, ಭಾರದ ಪೆಟ್ಟಿಗೆಗಳು ಮನೆಯ ಜಾಗ ತಿನ್ನುತ್ತಿರುತ್ತವೆ. ಪ್ಲೇಟನ್ನು ಬಿಸಿನೀರಲ್ಲಿ ತೊಳೆದರೆ ಒಳ್ಳೆಯ ಗಾಜು, ಯಾವುದಾದರೂ ಕಟ್ಟಿಗೆ ಕೂರಿಸಬಹುದು. ಎಷ್ಟೋ ಸ್ಟುಡಿಯೋಗಳ ಚರಿತ್ರೆ ಹೀಗೆ ತೊಳೆದು ಹೋಗಿದೆ. ಈ ಮನೆಯವರು ಮಾತ್ರ ಬಿಡದೆ ಇಟ್ಟುಕೊಂಡರು. ಕಡೆಗೆ 1989ರಲ್ಲಿ 2,857 ಗಾಜಿನ ನೆಗೆಟಿವ್‌ಗಳು ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರ ಸೇರಿದವು. ಈ ಮನೆತನ ತೆಗೆದದ್ದರಲ್ಲಿ ಅದು ಒಂದು ಪಾಲು ಮಾತ್ರ.

ಪ್ಲೇಟಿನ ಜೊತೆ ಸ್ಟುಡಿಯೋದ ರಿಜಿಸ್ಟರುಗಳೂ ಉಳಿದಿದ್ದವು. ದೀಪಾಲಿ ದಿವಾನ್ ಮತ್ತು ಡೆಬೊರಾ ಹಟನ್ 2013ರಲ್ಲಿ ದೀನ್ ದಯಾಳರ ಬಗ್ಗೆ ದೊಡ್ಡ ಪುಸ್ತಕ ತಂದಾಗ ಅಂಥ ದಾಖಲೆ ಕೈಹಿಡಿಯಿತು. ನಂಬರು ಹಿಡಿದು ರಿಜಿಸ್ಟರಿಗೆ ಹೋದರೆ ಹೆಸರು, ಸಂದರ್ಭ ಸಿಗುತ್ತದೆ. ರಿಜಿಸ್ಟರು ಕಳೆದುಹೋದರೆ ನವಾಬನೂ ಅವನ ಪಕ್ಕದ ಚಾಮರದವನೂ ಒಂದೇ, ಇಬ್ಬರೂ ಅನಾಮಧೇಯರು.

ಇನ್ನು ಪ್ಲೇಟು ಕಾಯುವ ವಿಚಾರ. ಒಣ ಪ್ಲೇಟಿನಲ್ಲಿ ಬೆಳ್ಳಿಯ ಕಣಗಳನ್ನು ಹಿಡಿದಿಟ್ಟಿರುವುದು ಜೆಲಟಿನ್ ಪದರ. ಮಳೆಗಾಲದ ತೇವಕ್ಕೆ ಅದು ಉಬ್ಬುತ್ತದೆ, ಬೂಷ್ಟು ಹಿಡಿಯುತ್ತದೆ, ನಮ್ಮ ಕಡೆಯ ಬೇಸಿಗೆಗೆ ಬಿಗಿದು ಅಂಚಿನಿಂದ ಏಳುತ್ತದೆ. ಅಂಚಿನಲ್ಲಿ ಕನ್ನಡಿಯಂತೆ ಹೊಳೆಯುವ ನೀಲಿ ಛಾಯೆ ಕಂಡರೆ ಬೆಳ್ಳಿ ಮೇಲೆ ಬಂದಿದೆ ಎಂದರ್ಥ, ಉಜ್ಜಿ ತೆಗೆಯಲು ಹೋಗಬಾರದು. ಮೃದು ಬ್ರಷ್ಷಿನಿಂದ ಧೂಳು ತೆಗೆಯಿರಿ, ಒದ್ದೆ ಹತ್ತಿ ತಾಗಬಹುದಾದದ್ದು ಗಾಜಿನ ಬದಿಗೆ ಮಾತ್ರ. ಪ್ಲೇಟುಗಳನ್ನು ಒಂದರ ಮೇಲೊಂದು ಪೇರಿಸಿದರೆ ಕೆಳಗಿನವು ಒಡೆಯುತ್ತವೆ, ಆದ್ದರಿಂದ ಉದ್ದನೆಯ ಅಂಚಿನ ಮೇಲೆ ನೆಟ್ಟಗೆ ನಿಲ್ಲಿಸಿ. ಹಳೆಯ ಕಂದು ಲಕೋಟೆಯ ಆಮ್ಲ ಚಿತ್ರವನ್ನು ತಿನ್ನುತ್ತದೆ, ಆಮ್ಲವಿಲ್ಲದ ಕಾಗದದಲ್ಲಿ ನಾಲ್ಕು ಬದಿ ಮಡಚಿಡಬೇಕು. ಆದರೆ ಆ ಕಂದು ಲಕೋಟೆಯನ್ನು ಎಸೆಯುವ ಮುನ್ನ ತಿರುಗಿಸಿ ನೋಡಿ, ಅಜ್ಜನ ಅಕ್ಷರದಲ್ಲಿ ಗಿರಾಕಿಯ ಹೆಸರು ಇದ್ದೀತು.

ನಮ್ಮಲ್ಲಿ ಈಗ ಎಲ್ಲರೂ ಸ್ಕ್ಯಾನಿಂಗ್ ಮಾತಾಡುತ್ತಾರೆ. ಒಳ್ಳೆಯದೇ. ಆದರೆ ಕಂಪ್ಯೂಟರಿಗೆ ಮೊದಲು ಹೋಗಬೇಕಾದದ್ದು ರಟ್ಟು ಕಿತ್ತ ರಿಜಿಸ್ಟರು, ಪ್ಲೇಟು ಆಮೇಲೆ. ಪ್ಲೇಟಿನ ನಂಬರೇ ಫೈಲಿನ ಹೆಸರಾಗಲಿ. ಹೊಸ ಲಕೋಟೆಯ ಮೇಲೆ ಪೆನ್ಸಿಲಿನಲ್ಲಿ, ಪ್ಲೇಟನ್ನು ಒಳಗಿಡುವ ಮುಂಚೆಯೇ ನಂಬರು ಬರೆದುಬಿಡಿ. ಪ್ಲೇಟು ಒಳಗಿದ್ದಾಗ ಒತ್ತಿ ಬರೆದರೆ ಆ ಗೆರೆ ಜೆಲಟಿನ್ ಮೇಲೂ ಕೂರುತ್ತದೆ.