ಪೋರ್ಷೆ ಬಿಚ್ಚಿ ಹಾಕಿದ ತಮಿಯಾ

ಕಳೆದ ಮಳೆಗಾಲದಲ್ಲಿ ನಾನೊಂದು ಪುಟ್ಟ ಕಾರನ್ನು ಹಾಳು ಮಾಡಿದೆ. 1/24 ಅಳತೆಯ ಪ್ಲಾಸ್ಟಿಕ್ ಕಿಟ್. ಮೂರು ವಾರ ರಾತ್ರಿ ಊಟ ಆದ ಮೇಲೆ ಕೂತು ಜೋಡಿಸಿದ್ದೆ. ಕೊನೆಗೆ ತಾಳ್ಮೆ ಕೆಟ್ಟು, ಹೊರಗೆ ಮಳೆ ಸುರೀತಿರುವಾಗಲೇ ಸ್ಪ್ರೇ ಬಣ್ಣ ಹೊಡೆದೆ. ಹತ್ತು ನಿಮಿಷದಲ್ಲಿ ಕೆಂಪು ಬಣ್ಣದ ಮೇಲೆ ಮಜ್ಜಿಗೆ ಚೆಲ್ಲಿದ ಹಾಗೆ ಬಿಳಿ ಪೊರೆ! ಥಿನ್ನರ್ ಆರುವಾಗ ಬಣ್ಣದ ಮೈ ತಣ್ಣಗಾಗುತ್ತೆ, ಗಾಳಿಯಲ್ಲಿರೋ ತೇವ ಬಂದು ಅದರ ಮೇಲೆ ಕೂರುತ್ತೆ. ಅಷ್ಟೇ ವಿಷಯ. "ಒಂದು ಆಟದ ಕಾರಿಗೆ ಇಷ್ಟೊಂದು ಬೇಜಾರೇನ್ರೀ?" ಅಂದಳು ಹೆಂಡತಿ. ಅದು ಆಟದ ಕಾರಲ್ಲ ಅಂತ ಹೇಳೋಕೆ ಹೋದೆ, ಸರಿಯಾಗಿ ಹೇಳೋಕೆ ಬರಲಿಲ್ಲ. ಆವತ್ತು ಅರ್ಧಕ್ಕೆ ನಿಂತ ವಾದವನ್ನು ಇಲ್ಲಿ ಮುಂದುವರಿಸ್ತಿದ್ದೇನೆ. ಅದಕ್ಕೆ ಜಪಾನಿನ ಶಿಜುವೊಕಾಗೆ ಹೋಗಬೇಕು.

1946ರಲ್ಲಿ, ಯುದ್ಧ ಸೋತು ಬೂದಿಯಾಗಿದ್ದ ದೇಶದಲ್ಲಿ, ಯೋಶಿಯೋ ತಮಿಯಾ ಎಂಬವರು ಶಿಜುವೊಕಾದಲ್ಲಿ ಮರ ಕೊಯ್ಯುವ ಮಿಲ್ ಶುರು ಮಾಡಿದರು. ಊರೆಲ್ಲ ಮತ್ತೆ ಕಟ್ಟಬೇಕಾಗಿದ್ದ ಕಾಲ, ಮರಕ್ಕೆ ಗಿರಾಕಿಗಳಿದ್ದರು. ಆಮೇಲೆ ಪಕ್ಕದಲ್ಲೇ ಮರದ ಹಡಗು, ವಿಮಾನಗಳ ಮಾದರಿ ಮಾಡುವ ವಿಭಾಗವೊಂದು ಹುಟ್ಟಿಕೊಂಡಿತು. 1951ರಲ್ಲಿ ಬೆಂಕಿ ಬಿದ್ದು ದಾಸ್ತಾನು ಮಾಡಿದ್ದ ಮರ ಸುಟ್ಟುಹೋಯಿತು. ಮರದ ವ್ಯಾಪಾರ ಅಲ್ಲಿಂದ ಚೇತರಿಸಿಕೊಳ್ಳಲಿಲ್ಲ. 1953ರಲ್ಲಿ ಅದನ್ನು ಪೂರ್ತಿ ಬಿಟ್ಟು, ಮಾದರಿಗಳನ್ನೇ ನಂಬಿ ಕೂತರು.

ಆಗಿನ ಮರದ ಕಿಟ್ ಅಂದರೆ ಈಗಿನವರಿಗೆ ನಗು ಬರಬಹುದು. ಡಬ್ಬಿಯೊಳಗೆ ಒರಟಾಗಿ ಕೊಯ್ದ ಮರದ ತುಂಡುಗಳು, ಒಂದು ನಕ್ಷೆ. ಉಳಿದದ್ದೆಲ್ಲ ಹುಡುಗನ ಪಾಲಿನ ಕೆಲಸ. ಕೆತ್ತಬೇಕು, ಉಜ್ಜಬೇಕು, ಮರದ ನಾರು ಕಾಣದ ಹಾಗೆ ಮುಚ್ಚಬೇಕು, ಆಮೇಲೆ ಬಣ್ಣ. ಇಂಥ ಮಾರುಕಟ್ಟೆಗೆ ಐವತ್ತರ ದಶಕದಲ್ಲಿ ಅಮೆರಿಕದಿಂದ ಪ್ಲಾಸ್ಟಿಕ್ ಕಿಟ್‌ಗಳು ಬಂದವು. ಕಿಟಕಿ, ಮೊಳೆ, ಬಾಗಿಲ ಗೆರೆ ಎಲ್ಲ ಅಚ್ಚಿನಲ್ಲೇ ಮೂಡಿ ಬಂದಿರುತ್ತಿದ್ದವು. ಒಂದು ಸಲ ಅದನ್ನು ಕೈಗೆ ತಗೊಂಡ ಹುಡುಗ ಮತ್ತೆ ಮರ ಕೆತ್ತುತ್ತಾನಾ?

ಯೋಶಿಯೋ ಅವರ ಮಗ ಶುನ್ಸಾಕು ವಸೇದಾ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿ 1958ರಲ್ಲಿ ಮನೆ ಕಂಪನಿಗೆ ಬಂದದ್ದು ಈ ಹೊತ್ತಿನಲ್ಲೇ. ಮರ ಮಾರೋದಿಲ್ಲ, ಪ್ಲಾಸ್ಟಿಕ್ ಮಾಡೋಕೆ ದುಡ್ಡಿಲ್ಲ. ಉಕ್ಕಿನ ಅಚ್ಚು ಅಂದರೆ ಸಣ್ಣ ಮಾತಲ್ಲ. ಡಬ್ಬಿಯೊಂದರ ಬೆಲೆ ಎಷ್ಟೇ ಕಡಿಮೆ ಇರಲಿ, ಮೊದಲ ಡಬ್ಬಿ ಹೊರಬರುವ ಮೊದಲೇ ಅಚ್ಚಿಗೆ ಗಂಟು ಸುರಿದಿರಬೇಕು. ಆದರೂ ಧೈರ್ಯ ಮಾಡಿ 1960ರಲ್ಲಿ ಯಮಾಟೊ ಯುದ್ಧನೌಕೆಯ ಪ್ಲಾಸ್ಟಿಕ್ ಮಾದರಿ ತಂದರು. ಅಷ್ಟರಲ್ಲಿ ಇನ್ನೊಂದು ಕಂಪನಿ ಅದೇ ಹಡಗನ್ನು ಕಡಿಮೆ ಬೆಲೆಗೆ ಅಂಗಡಿಗೆ ಇಟ್ಟಾಗಿತ್ತು. ತಮಿಯಾದವರೂ ಬೆಲೆ ಇಳಿಸಲೇಬೇಕಾಯಿತು, ಮಾರಿದಷ್ಟೂ ನಷ್ಟ.

ಅವರನ್ನು ಉಳಿಸಿದ್ದು ಹಡಗಲ್ಲ, ಒಂದು ಚಿಕ್ಕ ರೇಸ್ ಕಾರು. ಆಟಿಕೆಗೆಂದು ಮಾಡಿದ್ದ ಹಳೆಯ ಅಚ್ಚು ಬಳಸಿ ಹೊರತಂದ ಅಗ್ಗದ ಸಾಮಾನು ಅದು. ಮಕ್ಕಳು ಮುಗಿಬಿದ್ದು ಕೊಂಡರು. ನಂತರ ಬಂದ ಪ್ಯಾಂಥರ್ ಟ್ಯಾಂಕಿಗೆ ಡಬ್ಬಿಯ ಮೇಲಿನ ಚಿತ್ರ ಬರೆದವರು ಶಿಗೇರು ಕೊಮಾತ್ಸುಜಾಕಿ. ಟ್ಯಾಂಕಿನೊಳಗೆ ಮೋಟಾರು, ಬ್ಯಾಟರಿ ಹಿಡಿಸಬೇಕಿತ್ತು. ಅವು ಹಿಡಿಸುವ ಹಾಗೆ ಮಾಡಿ ಆಮೇಲೆ ಲೆಕ್ಕ ಹಾಕಿದರೆ ಅಳತೆ ಸುಮಾರು 1/35 ಬಂತು. ಇವತ್ತು ಜಗತ್ತಿನ ಅರ್ಧ ಸೈನ್ಯದ ಮಾದರಿಗಳು ಇರೋದು ಅದೇ ಅಳತೆಯಲ್ಲಿ! ಬ್ಯಾಟರಿ ಹೇಳಿದ ಹಾಗೆ ಕೇಳಿದ್ದು ಶಾಸ್ತ್ರವಾಗಿಬಿಟ್ಟಿದೆ.

1967ರಲ್ಲಿ 1/12 ಅಳತೆಯ ಹೋಂಡಾ ಫಾರ್ಮುಲಾ ಒನ್ ಕಾರು ಬಂತು. ಎಂಜಿನ್ನು, ಪೈಪು, ಸಸ್ಪೆನ್ಷನ್ನು ಎಲ್ಲ ಬಿಡಿಬಿಡಿ. ಇಲ್ಲಿಂದ ಮುಂದೆ ಶುನ್ಸಾಕು ಅವರಿಗೆ ಹಿಡಿದದ್ದನ್ನು ಹುಚ್ಚು ಅಂತಲೇ ಕರೀಬೇಕು. ಪೋರ್ಷೆ 934 ಎಂಬ ರೇಸ್ ಕಾರನ್ನು 1/12ರಲ್ಲಿ ಮಾಡೋಣ ಅಂತ ಹೊರಟರು. ಜರ್ಮನಿಗೆ ಹೋಗಿ ಫೋಟೋ ತೆಗೆದರು, ಅಳತೆ ಹಿಡಿದರು. ವಾಪಸ್ ಬಂದು ನಕ್ಷೆ ಬರೆಯೋಕೆ ಕೂತರೆ, ಫೋಟೋದಲ್ಲಿ ಬಾರದ ಮೂಲೆ ಒಂದಲ್ಲ ಒಂದು ಇದ್ದೇ ಇರುತ್ತಿತ್ತು. ಮತ್ತೆ ಹೋದರು. ಕೊನೆಗೆ ಬೇಸತ್ತು ಪೋರ್ಷೆ 911 ಕಾರನ್ನೇ ಕೊಂಡು, ತಮ್ಮಲ್ಲೇ ಬಿಚ್ಚಿ ಹರಡಿಬಿಟ್ಟರು. ಬಿಚ್ಚೋದು ಸುಲಭ ನೋಡಿ. ಮತ್ತೆ ಜೋಡಿಸೋಕೆ ಪೋರ್ಷೆಯ ತಂತ್ರಜ್ಞರನ್ನೇ ಕರೆಸಬೇಕಾಯಿತಂತೆ. ಜೋಡಣೆಯ ಚೀಟಿ ಬರೆದು ಲೋಕಕ್ಕೆಲ್ಲ ಮಾರುವ ಮನುಷ್ಯನಿಗೇ ಈ ಗತಿ!

1976ರಲ್ಲಿ ಆ ಕಿಟ್ ಬಂತು, ಜೋಡಿಸಿದರೆ ಮೊಳದಷ್ಟೂ ಉದ್ದವಿಲ್ಲದ ಕಾರು. ಖರ್ಚು ವಾಪಸ್ ಬರಬೇಕಲ್ಲ, ಅದೇ ವರ್ಷ ಅದೇ ಮೈಯನ್ನು ರೇಡಿಯೋದಿಂದ ಓಡುವ ಕಾರಿಗೂ ತೊಡಿಸಿದರು. ತಮಿಯಾದ ರೇಡಿಯೋ ಕಾರುಗಳ ವ್ಯಾಪಾರ ಶುರುವಾದದ್ದು ಅಲ್ಲಿಂದ. ಕಂಪನಿಗೆ ದೊಡ್ಡ ದುಡ್ಡು ತಂದದ್ದು ಈ ಓಡುವ ಕಾರುಗಳು. ಆದರೆ ನನ್ನಂಥವನಿಗೆ ಮುಖ್ಯ ಅನ್ನಿಸೋದು ಕಪಾಟಿನಲ್ಲಿ ಸುಮ್ಮನೆ ನಿಲ್ಲುವ ಕಾರೇ. ಎಂಜಿನ್ನಿನ ಅಡಿಯಲ್ಲಿ ಯಾರೂ ಬಗ್ಗಿ ನೋಡದ ಕಡೆಯೂ ಪೈಪು ಸರಿಯಾದ ದಿಕ್ಕಿಗೇ ಹೋಗಿರುತ್ತೆ. ಅದು ಸರಿಯಿರಬೇಕು ಅಂತಲೇ ತಾನೇ ಒಬ್ಬರು ನಿಜವಾದ ಕಾರು ಬಿಚ್ಚಿದ್ದು.

ಹೆಂಡತಿಗೆ ನಾನು ಹೇಳಬೇಕಾಗಿದ್ದದ್ದು ಇಷ್ಟೇ. ಆಟದ ಕಾರು ಕಾರಿನ ಹಾಗಿದ್ದರೆ ಸಾಕು. ಮಾದರಿಗೆ ಲೆಕ್ಕ ಇದೆ. ನಾನು ಹೊಡೆದ ಬಣ್ಣ ಮಿಲಿಮೀಟರಿನ ಹತ್ತನೇ ಒಂದು ಭಾಗ ದಪ್ಪ ಇತ್ತು ಅಂತಿಟ್ಟುಕೊಳ್ಳಿ. 24ರಿಂದ ಗುಣಿಸಿದರೆ ನಿಜವಾದ ಕಾರಿನ ಮೇಲೆ ಎರಡೂವರೆ ಮಿಲಿಮೀಟರ್ ಹತ್ತಿರ ಬಣ್ಣ ಬಳಿದ ಹಾಗಾಯ್ತು! ಬಾಗಿಲ ಗೆರೆಗಳು ಮುಚ್ಚಿಹೋಗದೆ ಇನ್ನೇನಾಗುತ್ತೆ? ಅದಕ್ಕೇ ತೆಳುವಾಗಿ, ಆರಲು ಬಿಟ್ಟು ಬಿಟ್ಟು, ಮೂರು ನಾಲ್ಕು ಸಲ ಹೊಡೀಬೇಕು. ಆಮೇಲೆ ನೀರು ಮಾಡಿದ ಕಪ್ಪು ಬಣ್ಣವನ್ನು ಗೆರೆಗಳಲ್ಲಿ ಹರಿಸಿ ಉಳಿದದ್ದನ್ನು ಒರೆಸಬೇಕು. ಆಗ ಬಾಗಿಲು ನಿಜಕ್ಕೂ ತೆರೆಯುತ್ತೇನೋ ಅನ್ನಿಸುತ್ತೆ. ಲಾರಿ ಆದರೆ ಕೆಲಸ ಇನ್ನೂ ಹೆಚ್ಚು, ಯಾಕೆಂದರೆ ತೊಳೆದು ಒರೆಸಿ ಇಟ್ಟ ಲಾರಿಯನ್ನು ಯಾರೂ ನಂಬೋದಿಲ್ಲ. ಚಕ್ರದ ಹಿಂದೆ ಕೆಸರು, ಸೈಲೆನ್ಸರ್ ಮೇಲೆ ಮಸಿ ಬೇಕೇಬೇಕು.

ಶುನ್ಸಾಕು ತಮಿಯಾ 2025ರ ಜುಲೈ 18ರಂದು, 90ನೇ ವಯಸ್ಸಿನಲ್ಲಿ ತೀರಿಕೊಂಡರು. ಸುದ್ದಿ ಓದಿದ ರಾತ್ರಿ ಆ ಹಾಳಾದ ಕಾರನ್ನು ಡಬ್ಬಿಯಿಂದ ತೆಗೆದೆ. ನೀರಲ್ಲಿ ನೆನೆಸಿದ ಸ್ಯಾಂಡ್ ಪೇಪರಿನಿಂದ ಮೆಲ್ಲಗೆ ಉಜ್ಜುತ್ತಾ ಹೋದರೆ ಬಿಳಿ ಪೊರೆಯ ಕೆಳಗೆ ಕೆಂಪು ಹಾಗೇ ಇತ್ತು. ಚಾವಣಿ, ಬಾನೆಟ್ಟು ಆಗಿದೆ. ಎಡಗಡೆ ಬಾಗಿಲ ಹತ್ತಿರ ಸ್ವಲ್ಪ ಜಾಸ್ತಿಯೇ ಉಜ್ಜಿಬಿಟ್ಟು ಪ್ಲಾಸ್ಟಿಕ್ ಕಾಣ್ತಿದೆ. ಮತ್ತೆ ಬಣ್ಣ ಹೊಡೆಯೋದು ಮಳೆ ನಿಂತ ಮೇಲೇ.