ಪುಣೆಯ ಟ್ರಂಕಿನಲ್ಲಿ ಜಮಖಂಡಿ

ಪುಣೆಯ ತಿಳಕ ರಸ್ತೆಯಲ್ಲಿ ಓಡಾಡುವ ನಾವು ಎಸ್.ಪಿ. ಕಾಲೇಜನ್ನು ಎಷ್ಟೋ ಸಲ ದಾಟಿದ್ದೇವೆ. ಆ ಎರಡು ಅಕ್ಷರಗಳ ಹಿಂದೆ ಕರ್ನಾಟಕದ ಒಂದು ಊರು ನಿಂತಿದೆ ಎಂಬುದು ಮಾತ್ರ ನಮ್ಮಲ್ಲಿ ಹಲವರಿಗೆ ನೆನಪಿರುವುದಿಲ್ಲ. 1916ರಲ್ಲಿ ‘ನ್ಯೂ ಪೂನಾ ಕಾಲೇಜ್’ ಎಂಬ ಹೆಸರಿನಿಂದ ಆರಂಭವಾದ ಆ ಸಂಸ್ಥೆಗೆ ಜಮಖಂಡಿಯ ಅರಸರಾದ ಶಂಕರರಾವ್ ಪಟವರ್ಧನರು ಎರಡು ಲಕ್ಷ ರೂಪಾಯಿಗಳ ದೇಣಿಗೆ ನೀಡಿದರು. ಅವರ ತಂದೆ ಸರ್ ಪರಶುರಾಮಭಾವೂ ಅವರ ಹೆಸರು ಕಾಲೇಜಿನ ಹೆಸರಾಯಿತು.

ಕಳೆದ ಮಳೆಗಾಲದಲ್ಲಿ ನಮ್ಮ ಬಳಗದ ಹಿರಿಯ ಸದಸ್ಯರೊಬ್ಬರು ಮನೆ ಬದಲಿಸುವಾಗ ಅಟ್ಟದಿಂದ ಒಂದು ತಗಡಿನ ಟ್ರಂಕನ್ನು ಇಳಿಸಿದರು. ಹಳೆಯ ಪಂಚಾಂಗಗಳ ಕೆಳಗೆ, ಧೋತರದ ತುಂಡಿನಲ್ಲಿ ಸುತ್ತಿಟ್ಟ 38 ಛಾಯಾಚಿತ್ರಗಳು ಅದರಲ್ಲಿದ್ದವು. ಅವರ ಮನೆತನ ಜಮಖಂಡಿಯದು. ಅಜ್ಜನ ಕಾಲಕ್ಕೆ ಪುಣೆಗೆ ಬಂದು ನೆಲೆಸಿದವರು. ನಾಲ್ಕು ಭಾನುವಾರಗಳ ಕಾಲ ನಾವು ಆ ಚಿತ್ರಗಳ ಸುತ್ತ ಕುಳಿತೆವು. ಅವುಗಳನ್ನು ಓದಲು ಮೊದಲು ಊರಿನ ಚರಿತ್ರೆಯನ್ನು ಓದಬೇಕಾಯಿತು.

ಜಮಖಂಡಿ ಕೃಷ್ಣಾ ನದಿಯ ದಕ್ಷಿಣಕ್ಕಿರುವ ಊರು. ಅದರ ಹೆಸರು ಜಂಬುಕೇಶ್ವರ ದೇವಾಲಯದಿಂದ ಬಂದಿತೆಂದು ಊರವರು ಹೇಳುತ್ತಾರೆ. 1811ರಲ್ಲಿ ಪಟವರ್ಧನ ಮನೆತನದ ಗೋಪಾಳರಾಯರು ಇಲ್ಲಿ ಸಂಸ್ಥಾನವನ್ನು ಸ್ಥಾಪಿಸಿದರು. ಊರ ಪಕ್ಕದ ರಾಮತೀರ್ಥ ಗುಡ್ಡದ ಮೇಲೆ ಅರಮನೆ ಬಂದಿತು. 1901ರ ಜನಗಣತಿಯಲ್ಲಿ ಇಡೀ ಸಂಸ್ಥಾನದ ಜನಸಂಖ್ಯೆ 1,05,357. ರಾಜಧಾನಿಯದು ಕೇವಲ 13,029. ಹತ್ತಿ, ಗೋದಿ, ಜೋಳ ಬೆಳೆಯುವ ಹೊಲಗಳ ನಡುವಿನ, ಮಗ್ಗದ ಸದ್ದಿನ ಸಣ್ಣ ಊರದು.

ಸಂಸ್ಥಾನದ ನೆಲವೂ ಒಂದೆಡೆ ಇರಲಿಲ್ಲ. ಇಂದು ಒಂದೇ ಉಸಿರಿನಲ್ಲಿ ‘ರಬಕವಿ-ಬನಹಟ್ಟಿ’ ಎನ್ನುತ್ತೇವೆ. ಅಂದು ಬನಹಟ್ಟಿ ಜಮಖಂಡಿಗೆ ಸೇರಿತ್ತು, ರಬಕವಿ ಸಾಂಗಲಿಗೆ. ದೂರದ ಹುಬ್ಬಳ್ಳಿಯ ಬಳಿಯ ಕುಂದಗೋಳವೂ ಜಮಖಂಡಿಯದೇ. ದರಬಾರಿನ ಮಾತು ಮರಾಠಿ, ಬೀದಿಯ ಮಾತು ಕನ್ನಡ. 1948ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1956ರಲ್ಲಿ ಊರು ಮೈಸೂರು ರಾಜ್ಯಕ್ಕೆ ಬಂದಿತು. 1997ರಲ್ಲಿ ವಿಜಾಪುರ ಜಿಲ್ಲೆಯಿಂದ ಬೇರ್ಪಟ್ಟ ಬಾಗಲಕೋಟೆ ಜಿಲ್ಲೆಗೆ ಸೇರಿತು.

ಈ ಊರಿಗೆ ರೈಲಿರಲಿಲ್ಲ. ಆದರೆ 1890ರ ಹೊತ್ತಿಗೆ ಪುಣೆ, ಮಿರಜ, ಬೆಳಗಾವಿಗಳನ್ನು ಜೋಡಿಸಿದ ಮೀಟರ್‌ಗೇಜ್ ಹಳಿ ಬಂದ ಮೇಲೆ, ಚಕ್ಕಡಿ ಕಟ್ಟಿಕೊಂಡು ಕುಡಚಿ ನಿಲ್ದಾಣ ತಲುಪಿದರೆ ಪುಣೆ ದೂರವಿರಲಿಲ್ಲ. ಓದಲು, ನೌಕರಿಗೆ, ಸಂಗೀತಕ್ಕೆ ಜನ ಹೊರಟರು. 1886ರಲ್ಲಿ ಜಮಖಂಡಿಯಲ್ಲಿ ಹುಟ್ಟಿದ ರಾಮಚಂದ್ರ ದತ್ತಾತ್ರೇಯ ರಾನಡೆಯವರು ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಓದಿ, ಫರ್ಗ್ಯುಸನ್ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಕಲಿಸಿದರು. ಮನೆಮಾತು ಮರಾಠಿಯಾದರೂ ಕನ್ನಡದ ಅನುಭಾವಿಗಳನ್ನು ಕುರಿತು ಗ್ರಂಥ ಬರೆದ ಗುರುದೇವ ರಾನಡೆ ಅವರೇ. ಕುಂದಗೋಳದ ರಾಮಭಾವೂ ಮರಾಠಿ ರಂಗಭೂಮಿಯಲ್ಲಿ ಸವಾಯಿ ಗಂಧರ್ವರಾದರು. ಅವರ ನೆನಪಿಗೆ ಶಿಷ್ಯ ಭೀಮಸೇನ ಜೋಶಿಯವರು ಬೆಳೆಸಿದ ಉತ್ಸವಕ್ಕೆ ನಾವು ಪ್ರತಿ ಡಿಸೆಂಬರಿನಲ್ಲಿ ಶಾಲು ಹೊದ್ದು ಹೋಗುತ್ತೇವೆ.

ಹೀಗೆ ಪುಣೆಯು ಆ ಸಣ್ಣ ಸಂಸ್ಥಾನದ ಮೂರು ಹೆಸರುಗಳನ್ನು ಗೌರವದಿಂದ ಕಾಪಾಡಿಕೊಂಡಿದೆ: ಒಬ್ಬ ಅರಸ, ಒಬ್ಬ ಜ್ಞಾನಿ, ಒಬ್ಬ ಗಾಯಕ. ಟ್ರಂಕಿನಲ್ಲಿದ್ದವರು ಈ ಮೂವರ ಕಾಲದವರೇ. ಅವರಲ್ಲಿ ಹೆಚ್ಚಿನವರಿಗೆ ಹೆಸರೇ ಇರಲಿಲ್ಲ.

ಕೆಲವು ಚಿತ್ರಗಳ ಹಿಂದೆ ಮೋಡಿ ಲಿಪಿಯಲ್ಲಿ ಬರೆದಿತ್ತು, ಕೆಲವುಗಳ ಹಿಂದೆ ಕನ್ನಡದಲ್ಲಿ, ಬಹುಪಾಲು ಖಾಲಿ. ಬರೆದಿದ್ದರೂ ಗಂಡಸರ ಹೆಸರು ಮಾತ್ರ. ಗೋಡೆಗೆ ಒರಗಿ ನಿಂತ ಹದಿನಾರರ ಹುಡುಗಿಯೊಬ್ಬಳ ಹಿಂದೆ ‘ಧಾಕಟೀ ಸೂನ’ ಎಂದಷ್ಟೇ ಇತ್ತು. ಕಿರಿಯ ಸೊಸೆ ಎಂದರ್ಥ. ಆ ಮನೆಗಳಲ್ಲಿ ಮದುವೆಯಾದ ಹೆಣ್ಣಿಗೆ ಹೊಸ ಹೆಸರಿಡುವ ಪದ್ಧತಿಯಿತ್ತು. ತವರಿನ ಹೆಸರು ತವರಿನಲ್ಲೇ ಉಳಿಯುತ್ತಿತ್ತು. ಎರಡು ಹೆಸರಿದ್ದ ಹೆಣ್ಣುಮಗಳಿಗೆ ಚಿತ್ರದ ಹಿಂದೆ ಒಂದೂ ದಕ್ಕಿರಲಿಲ್ಲ.

ಅವಳ ಹಣೆಯ ಕುಂಕುಮ ಕಪ್ಪಾಗಿತ್ತು. ನಮ್ಮ ಕಿರಿಯ ಸದಸ್ಯೆಯೊಬ್ಬರು ಅದೇಕೆಂದು ಕೇಳಿದರು. ಅಂದು ಬಳಕೆಯಲ್ಲಿದ್ದ ಗಾಜಿನ ಫಲಕಗಳು ಕೆಂಪು ಬೆಳಕನ್ನು ಗ್ರಹಿಸುತ್ತಿರಲಿಲ್ಲ. ಆದ್ದರಿಂದ ಕೆಂಪೆಲ್ಲ ಕಪ್ಪಾಗಿಯೇ ಮೂಡುತ್ತಿತ್ತು. ಇಳಕಲ್ ಸೀರೆಯ ಸೆರಗಿನ ಕೆಂಪೂ ಹಾಗೆಯೇ ಕಪ್ಪಾಗಿತ್ತು. ನಡುವಿನ ಬಿಳಿಯ ತೆನೆಗಳಿಂದ ಮಾತ್ರ ಅದು ಇಳಕಲ್ಲಿನದೆಂದು ತಿಳಿಯಿತು.

ಮೂರನೆಯ ಭಾನುವಾರ ಆ ಸದಸ್ಯರ ಸೋದರತ್ತೆಯನ್ನು ಕರೆತಂದರು. ಎಲ್ಲರೂ ‘ಆತ್ಯಾ’ ಎನ್ನುವ ಅವರಿಗೆ 91 ವರ್ಷ, ಬಾಲ್ಯವೆಲ್ಲ ಜಮಖಂಡಿಯಲ್ಲಿ. ಕಣ್ಣು ಮಂಜು, ನೆನಪು ನಿಚ್ಚಳ. ಮುಖಗಳಿಗಿಂತ ಹೆಚ್ಚಾಗಿ ನತ್ತು, ಬುಗುಡಿ, ಕುಳಿತ ಕುರ್ಚಿಗಳಿಂದ ಅವರು ಜನರನ್ನು ಗುರುತಿಸಿದರು. ಕಿರಿಯ ಸೊಸೆ ಅವರ ಅಜ್ಜಿಯೇ ಎಂದು ಬುಗುಡಿಯಿಂದ ತಿಳಿಯಿತು. ಕುಂದಗೋಳದ ತವರಿನ ಹೆಸರನ್ನೂ ಹೇಳಿದರು. ಮನೆಯವರಲ್ಲಿ ಯಾರೂ ಅದುವರೆಗೆ ಆ ಹೆಸರನ್ನು ಕೇಳಿರಲಿಲ್ಲ.

ಒಂದು ದೊಡ್ಡ ಗುಂಪುಚಿತ್ರದ ಅಂಚಿನಲ್ಲಿ ಕೂಸನ್ನೆತ್ತಿಕೊಂಡ ಹೆಂಗಸೊಬ್ಬಳಿದ್ದಳು. ಅವಳ ಅರ್ಧ ಮೈ ಚೌಕಟ್ಟಿನ ಹೊರಗಿತ್ತು. ಆಕೆ ಯಾರೆಂದು ಸದಸ್ಯರಿಗೆ ಗೊತ್ತಿರಲಿಲ್ಲ. ಸ್ಕ್ಯಾನ್ ಮಾಡುವಾಗ ಆ ಅಂಚನ್ನು ಕತ್ತರಿಸಿದರೆ ಚಿತ್ರ ಚೊಕ್ಕಟವಾಗುತ್ತದೆಂದು ನಮ್ಮಲ್ಲೇ ಒಬ್ಬರು ಸೂಚಿಸಿದ್ದರು. ಆತ್ಯಾ ಚಿತ್ರವನ್ನು ಮೂಗಿನ ಹತ್ತಿರ ಹಿಡಿದರು. “ಈ ಕೂಸು ನಾನs. ನಮ್ಮವ್ವ ಬಾಣಂತನದಾಗ ಹೋದ ಮ್ಯಾಲೆ ನನ್ನ ಜೋಪಾನ ಮಾಡಿದಾಕಿ ಈಕಿ. ಬನಹಟ್ಟಿ ನೇಕಾರರ ಮನಿಯಾಕಿ” ಎಂದು ಹೆಸರು ಹೇಳಿ ಸುಮ್ಮನಾದರು. ಕತ್ತರಿಸುವ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ.

ಹೆಸರುಗಳನ್ನು ಯಾವ ಭಾಷೆಯಲ್ಲಿ ಬರೆಯಬೇಕೆಂಬ ಚರ್ಚೆ ಬಂತು. ಮನೆತನ ಮರಾಠಿಯದೋ ಕನ್ನಡದ್ದೋ ಎಂದು ಒಬ್ಬರು ಕೇಳಿದರು. ಆತ್ಯಾ ನಕ್ಕರು: “ಅಡಿಗಿಮನಿಯಾಗ ಮರಾಠಿ, ಹಿತ್ತಲದಾಗ ಕನ್ನಡ, ದೇವರ ಮುಂದ ಸಂಸ್ಕೃತ. ಫೋಟೋದಾಗ ಯಾವ ಭಾಷಾ ಕಾಣಸ್ತದ ತಮ್ಮಾ?” ನಾವು ಎರಡೂ ಲಿಪಿಗಳಲ್ಲಿ ಬರೆದೆವು.

38ರಲ್ಲಿ 27 ಚಿತ್ರಗಳಿಗೆ ಹೆಸರು ದೊರೆತಿದೆ. ಉಳಿದ 11ಕ್ಕೆ ಆತ್ಯಾ ತಲೆಯಾಡಿಸಿದರು. ಅವರಿಗಿಂತ ಹಿರಿಯರು ಆ ಮನೆತನದಲ್ಲಿ ಈಗ ಯಾರೂ ಇಲ್ಲ. ಹತ್ತು ವರ್ಷ ಮೊದಲು ಟ್ರಂಕು ತೆರೆದಿದ್ದರೆ ಅವರ ಅಣ್ಣ ಹೇಳುತ್ತಿದ್ದರಂತೆ.

ಹೊರನಾಡಿನಲ್ಲಿರುವ ನಮ್ಮ ಓದುಗರ ಮನೆಗಳಲ್ಲೂ ಇಂಥ ಟ್ರಂಕುಗಳಿರಬಹುದು. ಚಿತ್ರದ ಹಿಂದೆ ಬಾಲ್‌ಪೆನ್ನಿನಿಂದ ಬರೆಯಬೇಡಿ, ಮಸಿ ಮುಂದಕ್ಕೆ ಮೂಡುತ್ತದೆ. ಮೆತ್ತನೆಯ ಪೆನ್ಸಿಲ್ ಸಾಕು. ಅಂಟಿನ ಹಾಳೆಗಳ ಆಲ್ಬಮ್ಮಿಗೆ ಹಾಕಬೇಡಿ. ಹೆಣ್ಣುಮಕ್ಕಳಿಗೆ ಎರಡು ಹೆಸರಿದ್ದರೆ ಎರಡನ್ನೂ ಬರೆಯಿರಿ. ಅಂಚಿನಲ್ಲಿ ನಿಂತವರನ್ನು ಮೊದಲು ಕೇಳಿ, ಏಕೆಂದರೆ ಅವರನ್ನು ಬಲ್ಲವರು ತೀರ ಕಡಿಮೆ. ಮನೆಯ ಹಿರಿಯರ ಬಳಿಗೆ ಬರುವ ಭಾನುವಾರವೇ ಹೋಗಿ.